ಸಾಕ್ಷಿ ಸಾಲದು

ಫೆಬ್ರವರಿ ೩, ಸೋಮವಾರ

ಇವತ್ತು ಮತ್ತೊಬ್ಬ ಭಕ್ತ ಬಂದ. ಈ ಚಳಿಗಾಲ ಊರಲ್ಲಿ ನೆಗಡಿಗಿಂತ ಜೋರಾಗಿ ಹಬ್ಬಿರುವುದು ಭಕ್ತಿ. ಲಾರಿಯ ಹಿಂಭಾಗದಲ್ಲಿ ಅಡಗಿ ಗಡಿ ದಾಟಿದವರಿಗೆಲ್ಲ ಆ ಕತ್ತಲಲ್ಲೇ ಯೇಸು ಸಿಕ್ಕಿಬಿಟ್ಟಿರುತ್ತಾನೆ. ನಾನು ಪಾದ್ರಿಯ ಮಗಳು. ಹುಟ್ಟಿದಾಗಿನಿಂದ ಬೆಳಕಲ್ಲೇ ಕೂತಿದ್ದೇನೆ, ನನಗೆ ಮಾತ್ರ ಇನ್ನೂ ಸಿಕ್ಕಿಲ್ಲ.

ಈ ಕುರ್ಚಿಯಲ್ಲಿ ಕೂತು ಇಪ್ಪತ್ತು ವರ್ಷದ ಮೇಲಾಯಿತು. ‘ನಮ್ಮ ದೇಶದಲ್ಲಿ ಕ್ರೈಸ್ತನಾಗುವುದೇ ಅಪರಾಧ, ವಾಪಸು ಕಳಿಸಿದರೆ ಜೈಲು, ಆಶ್ರಯ ಕೊಡಿ’ ಎಂದು ಅರ್ಜಿ ಹಾಕುವವರನ್ನು ಎದುರಿಗೆ ಕೂರಿಸಿಕೊಂಡು, ಅವರ ನಂಬಿಕೆ ಅಸಲಿಯೋ ನಕಲಿಯೋ ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸ. ಚಿನ್ನ ನೋಡುವವರಿಗಾದರೂ ಒರೆಗಲ್ಲಿದೆ. ನಮಗಿರುವುದು ಬರೀ ಪ್ರಶ್ನೆ.

ಇವತ್ತಿನವನು ಕ್ಷೌರಿಕ. ಮೂವತ್ತೈದು ದಾಟಿರಬೇಕು. ನಾನು ಪ್ರಶ್ನೆ ಕೇಳುವಾಗಲೆಲ್ಲ ಅವನ ಕಣ್ಣು ನನ್ನ ಕಿವಿಯ ಮೇಲಿನ ಕೂದಲಿನ ಮೇಲೆ. ನಾನೇ ಕನ್ನಡಿ ಮುಂದೆ ಕತ್ತರಿಸಿಕೊಂಡಿದ್ದು ಗೊತ್ತಾಗಿಹೋಗಿದೆ. ಪಕ್ಕದಲ್ಲಿ ನಮ್ಮ ದುಭಾಷಿ. ಇವರಿಗೆ ನಾನಿಟ್ಟ ಹೆಸರು ಜೇನುತುಪ್ಪ. ಯಾರು ಏನು ಹೇಳಿದರೂ ಇವರ ಬಾಯಿಂದ ಸಿಹಿಯಾಗಿಯೇ ಹೊರಬರುತ್ತದೆ.

“ಯೇಸುವಿನ ಶಿಷ್ಯರ ಹೆಸರು ಹೇಳಿ” ಎಂದೆ.

ನಾಲ್ಕು ಹೇಳಿದ. ಅದರಲ್ಲೊಂದು ಮೋಶೆ, ಯೇಸುವಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನವನು.

“ಹತ್ತು ಆಜ್ಞೆಗಳು?”

“ಕೊಲ್ಲಬಾರದು. ಕದಿಯಬಾರದು. ಸುಳ್ಳು ಸಾಕ್ಷಿ ಹೇಳಬಾರದು.” ಅಲ್ಲಿಗೆ ನಿಂತ.

“ಉಳಿದದ್ದು?”

“ಇಷ್ಟನ್ನೇ ಸರಿಯಾಗಿ ಮಾಡೋಕಾಗ್ತಿಲ್ಲ ಮೇಡಂ.”

ಚತುರ ಎಂದುಕೊಂಡೆ. ಚತುರರು ಬೇಗ ಸಿಕ್ಕಿಬೀಳುತ್ತಾರೆ.

“ಕ್ರಿಸ್ತ ಸತ್ತು ಎದ್ದನಲ್ಲ, ಅದರಿಂದ ನಿಮಗೇನಾಯ್ತು?”

ಅವನು ಮೇಜು ನೋಡಿಕೊಂಡು ಏನೋ ಗೊಣಗಿದ. ಜೇನುತುಪ್ಪ ಶುರುಮಾಡಿದರು: “ಪುನರುತ್ಥಾನದ ಮಹಿಮೆಯಿಂದ ತಮ್ಮ ಆತ್ಮಕ್ಕೆ ನಿತ್ಯವಾದ ಸಮಾಧಾನ ಲಭಿಸಿ...”

“ಅವರು ಹೇಳಿದ್ದು ಎರಡೇ ಮಾತು. ಅವೆರಡನ್ನ ಹೇಳಿ.”

“‘ಭಯ ಕಮ್ಮಿಯಾಯ್ತು’ ಅಂದ್ರು ಮೇಡಂ.”

ಭಯ ಕಮ್ಮಿ ಮಾಡುವ ಮಾತ್ರೆ ಔಷಧಿ ಅಂಗಡಿಯಲ್ಲೂ ಸಿಗುತ್ತದೆ.

ಅವನ ಕಥೆ ಹೀಗೆ. ತನ್ನ ಊರಲ್ಲಿ ಸ್ವಂತ ಅಂಗಡಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ನಾಲ್ಕೈದು ಜನ ಸೇರಿ ಗುಟ್ಟಾಗಿ ಪ್ರಾರ್ಥನೆ. ಪಕ್ಕದ ಮನೆಯವನು ಪೊಲೀಸರಿಗೆ ಹೇಳಿದ. ಅಲ್ಲಿನ ಕೋರ್ಟಿನಲ್ಲಿ ಇವನ ಮೇಲಿದ್ದ ಸಾಕ್ಷಿ ಏನು ಗೊತ್ತೇ? ಕ್ಷೌರ ಮಾಡುವಾಗ ಇವನು ಏನೋ ಒಂದು ಹಾಡು ಗುನುಗುತ್ತಿದ್ದ ಎಂದು ಪಕ್ಕದ ಮನೆಯವನ ಹೇಳಿಕೆ, ಮತ್ತೆ ಹಿಂದಿನ ಕೋಣೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಕುರ್ಚಿ ಇದ್ದದ್ದು. ಮಧ್ಯಾಹ್ನದ ಊಟಕ್ಕೆ ಮುಂಚೆ ಶಿಕ್ಷೆ ಆಯಿತಂತೆ. ಎಷ್ಟು ಹೊಡೆದರೂ ‘ನಾನು ಕ್ರೈಸ್ತನಲ್ಲ’ ಎಂದು ಬಾಯಿ ಬಿಡಲಿಲ್ಲವಂತೆ. ಜೈಲಿಗೆ ಸಾಗಿಸುವಾಗ ವ್ಯಾನಿನಿಂದ ಹಾರಿ ತಪ್ಪಿಸಿಕೊಂಡನಂತೆ. ವ್ಯಾನಿನಿಂದ ಹಾರಿದವರು ಈ ವರ್ಷ ಎಷ್ಟು ಜನ ಬಂದಿದ್ದಾರೆಂದರೆ, ಆ ದೇಶದಲ್ಲಿ ವ್ಯಾನುಗಳಿಗೆ ಬಾಗಿಲೇ ಇಲ್ಲವೇನೋ.

ಆ ನ್ಯಾಯಾಧೀಶನನ್ನು ನಮ್ಮ ಕಚೇರಿಗೆ ವರ್ಗ ಮಾಡಿಸಿಕೊಂಡರೆ ಬಾಕಿ ಕಡತಗಳೆಲ್ಲ ಒಂದೇ ವಾರಕ್ಕೆ ಖಾಲಿ. ಅಲ್ಲಿ ಗುನುಗಿದರೆ ಸಾಕು, ಕ್ರೈಸ್ತ. ಇಲ್ಲಿ ಗಂಟಲು ಹರಿಯುವಂತೆ ಹಾಡಿದರೂ ಸಾಲದು.

ಮನೆಗೆ ಬಂದರೆ ಅಮ್ಮ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಾಯುತ್ತಿದ್ದರು. ಕಳೆದ ವರ್ಷದಿಂದ ಅವರ ನೆನಪು ಸಡಿಲವಾಗಿದೆ. ನಾನು ಯಾವುದೋ ಛತ್ರ ನಡೆಸುತ್ತಿದ್ದೇನೆ ಎಂದುಕೊಂಡಿದ್ದಾರೆ.

“ಇವತ್ತು ಯಾರು ಬಂದಿದ್ರು?”

“ಒಬ್ಬ ಕ್ಷೌರಿಕ.”

“ಊಟ ಮಾಡ್ಕೊಂಡು ಹೋದ್ನಾ?”

“ಅಲ್ಲಿ ಊಟ ಕೊಡಲ್ಲಮ್ಮ.”

“ಮತ್ತೆ ಅಷ್ಟು ದೂರದಿಂದ ಯಾಕೆ ಕರಿಸ್ತೀಯೇ ಅವ್ರನ್ನ?”

ಫೆಬ್ರವರಿ ೬, ಗುರುವಾರ

ಊಟ ಮಾಡಿಸುವಾಗ ತಮಾಷೆಗೆ ಅಮ್ಮನಿಗೆ ನಮ್ಮ ಕಚೇರಿಯ ಪ್ರಶ್ನೆಗಳನ್ನೇ ಹಾಕಿದೆ. ಶಿಷ್ಯರ ಹೆಸರು ಹೇಳಮ್ಮ ಎಂದರೆ ತನ್ನ ಅಣ್ಣತಮ್ಮಂದಿರ ಹೆಸರು ಹೇಳಿದರು. ಕರ್ತನ ಪ್ರಾರ್ಥನೆ ಅರ್ಧಕ್ಕೆ ಬಂದು ಜೋಗುಳಕ್ಕೆ ತಿರುಗಿತು. ಐವತ್ತು ವರ್ಷ ಪಾದ್ರಿಯ ಹೆಂಡತಿಯಾಗಿದ್ದವರು. ಅರ್ಜಿ ವಜಾ.

ತಟ್ಟೆಯಲ್ಲಿ ಅರ್ಧ ಊಟ ಹಾಗೇ ಪಕ್ಕಕ್ಕೆ ಸರಿಸಿದ್ದರು. ಯಾಕಮ್ಮ ಎಂದರೆ, “ಬರೋರಿಗೆ.” ಯಾರು ಬರುತ್ತಾರೆ ಎಂದು ಕೇಳಲು ಹೋಗಲಿಲ್ಲ. ನಾನೇ ತಿಂದೆ.

ಫೆಬ್ರವರಿ ೧೨, ಬುಧವಾರ

ಕ್ಷೌರಿಕನ ಪರ ಸಾಕ್ಷಿ ಹೇಳಲು ಅವನು ಹೋಗುವ ಸಭೆಯ ಪಾಸ್ಟರ್ ಬಂದಿದ್ದರು. ಊರ ಹೊರಗೆ ಹಳೆಯ ಗೋದಾಮೊಂದನ್ನು ಬಾಡಿಗೆಗೆ ಹಿಡಿದು ಸಭೆ ನಡೆಸುತ್ತಾರೆ. ಬಾಗಿಲು ದಾಟುವ ಮೊದಲೇ ಸೆಂಟಿನ ವಾಸನೆ ಒಳಗೆ ಬಂದು ಕೂತಿತ್ತು. ದೀಕ್ಷಾಸ್ನಾನದ ಪ್ರಮಾಣಪತ್ರ ತಂದಿದ್ದರು, ಹೊಳೆಯುವ ಕಾಗದದ ಮೇಲೆ, ಚಿನ್ನದ ಬಣ್ಣದ ಅಂಚು. ಫೋಟೊ ಕೂಡ. ಫೋಟೊದಲ್ಲಿ ಪಾಸ್ಟರ್ ಸ್ಪಷ್ಟವಾಗಿ ಕಾಣುತ್ತಾರೆ, ಕ್ಷೌರಿಕ ನೀರಿನ ಒಳಗಿದ್ದಾನೆ.

“ದೀಕ್ಷಾಸ್ನಾನ ಕೊಡೋ ಮುಂಚೆ ಏನು ನೋಡ್ತೀರಿ?”

“ಹೃದಯ ನೋಡ್ತೀವಿ ಮೇಡಂ.”

“ಹೇಗೆ?”

“ಅದು ನಮಗೆ ಗೊತ್ತಾಗಿಬಿಡುತ್ತೆ.”

“ಇದುವರೆಗೆ ಯಾರ ಹೃದಯ ನೋಡಿ ಬೇಡ ಅಂದಿದ್ದೀರಿ?”

ಪಾಸ್ಟರ್ ನಕ್ಕರು. “ಬಂದವರನ್ನ ಕಳಿಸೋಕಾಗುತ್ತಾ? ಯಾರಿಗೂ ಅಂದಿಲ್ಲ.”

ನಮ್ಮ ಮುಖ್ಯಸ್ಥ ಇದುವರೆಗೆ ಯಾರಿಗೂ ಹೂಂ ಅಂದಿಲ್ಲ, ಇವರು ಯಾರಿಗೂ ಊಹೂಂ ಅಂದಿಲ್ಲ. ಇಬ್ಬರಿಗೂ ಕೆಲಸ ಎಷ್ಟು ಸಲೀಸು.

ಮುಖ್ಯಸ್ಥನ ಬಗ್ಗೆ ಇಲ್ಲಿ ಹೆಚ್ಚು ಬರೆದು ಶಾಯಿ ದಂಡ ಮಾಡುವುದಿಲ್ಲ. ನನಗಿಂತ ಹದಿನೈದು ವರ್ಷ ಚಿಕ್ಕವನು. ಗೋಡೆಯ ಮೇಲೊಂದು ಚಾರ್ಟು ಹಾಕಿದ್ದಾನೆ, ಯಾರು ಎಷ್ಟು ಕಡತ ಮುಗಿಸಿದರು ಎಂದು. ಎಲ್ಲರೂ ಬೆನ್ನ ಹಿಂದೆ ಅವನನ್ನು ಗಡಿಯಾರ ಎನ್ನುತ್ತಾರೆ. ಆ ಹೆಸರೂ ನನ್ನದೇ.

ಫೆಬ್ರವರಿ ೧೬, ಭಾನುವಾರ

ಬೆಳಿಗ್ಗೆ ಅಮ್ಮನನ್ನು ಗಾಲಿಕುರ್ಚಿಯಲ್ಲಿ ನಮ್ಮ ಚರ್ಚಿಗೆ ತಳ್ಳಿಕೊಂಡು ಹೋಗಿ ಬಂದೆ. ನಾನು ಹೋಗುವುದು ಕುರ್ಚಿ ತಳ್ಳಲು ಬೇರೆ ಯಾರೂ ಇಲ್ಲವೆಂದು. ನಂಬುವುದನ್ನು ಯಾವಾಗ ಬಿಟ್ಟೆನೋ ನೆನಪಿಲ್ಲ. ಕೊಡೆಯನ್ನು ಬಸ್ಸಿನಲ್ಲಿ ಬಿಟ್ಟು ಇಳಿದ ಹಾಗೆ. ಇಳಿದ ಎಷ್ಟೋ ಹೊತ್ತಿನ ಮೇಲೆ ಕೈ ಖಾಲಿ ಎಂದು ಗೊತ್ತಾಯಿತು.

ಮಧ್ಯಾಹ್ನ ಗೋದಾಮಿಗೆ ಹೋದೆ. ಸ್ಥಳ ಪರಿಶೀಲನೆ. ತಲೆಗೆ ಸ್ಕಾರ್ಫ್ ಸುತ್ತಿಕೊಂಡು ಕೊನೆಯ ಸಾಲಿನಲ್ಲಿ ಕೂತೆ. ಪಾಸ್ಟರ್ ಮೈಕು ಹಿಡಿದು ಕೇಳಿದರು: “ನಾಳೆ ನೀವು ಕ್ರೈಸ್ತರು ಅಂತ ನಿಮ್ಮ ಮೇಲೆ ಕೇಸು ಹಾಕಿದ್ರೆ, ಶಿಕ್ಷೆ ಕೊಡೋಕೆ ಸಾಕಾಗೋಷ್ಟು ಸಾಕ್ಷಿ ನಿಮ್ಮ ಬದುಕಲ್ಲಿ ಸಿಗುತ್ತಾ?” ಸಭೆಯೆಲ್ಲ ನಿಟ್ಟುಸಿರು ಬಿಟ್ಟಿತು. ಇದೇ ಪ್ರಶ್ನೆಯನ್ನು ನಮ್ಮಪ್ಪ ವರ್ಷಕ್ಕೊಮ್ಮೆ ಕೇಳುತ್ತಿದ್ದರು. ತಾವೇ ಹೊಸದಾಗಿ ಯೋಚಿಸಿದ್ದು ಎಂಬ ಮುಖ ಅವರದ್ದೂ ಹೀಗೇ ಇರುತ್ತಿತ್ತು. ಕೇಸು ಹಾಕುವವರು ಯಾರೂ ಇಲ್ಲದ ಊರಲ್ಲಿ ಕೇಳಲು ಬಹಳ ಚೆನ್ನಾಗಿರುವ ಪ್ರಶ್ನೆ.

ಆಮೇಲೆ ಕ್ಷೌರಿಕನನ್ನು ವೇದಿಕೆಗೆ ಕರೆದರು. ಸಾಕ್ಷಿ ಹೇಳಲಿಕ್ಕೆ. ನಮ್ಮ ಜನಕ್ಕೆ ಕೋರ್ಟಿಗೂ ಚರ್ಚಿಗೂ ಆ ಒಂದೇ ಪದ. ಹೇಳಿದ್ದೆಲ್ಲ ಪಾಸ್ಟರೇ: ಹೊಡೆತ, ರಕ್ತ, ‘ಆದರೂ ಈ ಸಹೋದರ ಕರ್ತನನ್ನು ಅಲ್ಲಗಳೆಯಲಿಲ್ಲ’, ವ್ಯಾನು. ಎರಡು ವಾರದ ಹಿಂದೆ ನನ್ನ ಮುಂದೆ ನಿಧಾನವಾಗಿ ಹೋಗುತ್ತಿದ್ದ ವ್ಯಾನು ಇಲ್ಲಿ ಹೆದ್ದಾರಿಯಲ್ಲಿ ಓಡುತ್ತಿತ್ತು. ಚಪ್ಪಾಳೆಯೋ ಚಪ್ಪಾಳೆ. ಅವನು ತನ್ನ ಬೂಟು ನೋಡಿಕೊಂಡು ನಿಂತಿದ್ದ. ಒಬ್ಬ ಮುದುಕಿ ಬಂದು ಅವನ ಕೈಗೆ ಮುತ್ತಿಟ್ಟಳು. ಅವನು ಕೈಯನ್ನು ಬಿಸಿ ಪಾತ್ರೆ ತಾಗಿದಂತೆ ಎಳೆದುಕೊಂಡ.

ನಟನೆ ಪರವಾಗಿಲ್ಲ.

ಮಾರ್ಚ್ ೫, ಬುಧವಾರ

ಕ್ಷೌರಿಕನ ಅರ್ಜಿ ವಜಾ ಮಾಡುವ ಆದೇಶ ಬರೆದೆ. ಚೆನ್ನಾಗಿ ಬಂದಿದೆ. ‘ಅರ್ಜಿದಾರರಿಗೆ ತಾವು ಅನುಸರಿಸುವ ಧರ್ಮದ ಪ್ರಾಥಮಿಕ ತಿಳಿವಳಿಕೆಯೂ ಇರುವುದಿಲ್ಲ.’ ನಾಳೆ ಸಹಿ.

ಮಾರ್ಚ್ ೬, ಗುರುವಾರ

ಸಹಿ ಹಾಕಲಿಲ್ಲ. ಕ್ಷೌರಿಕ ಮತ್ತೊಮ್ಮೆ ಹೇಳಿಕೆ ಕೊಡಬೇಕಂತೆ. ಜೇನುತುಪ್ಪ ಬಂದು ಹೇಳಿದರು. ಶಿಷ್ಯರ ಹೆಸರೆಲ್ಲ ಬಾಯಿಪಾಠ ಮಾಡಿಕೊಂಡಿರಬೇಕು. ಸೋಮವಾರ ಬಾ ಎಂದಿದ್ದೇನೆ. ಹನ್ನೆರಡೂ ಸರಿ ಹೇಳಿದರೆ, ಅಷ್ಟು ಚೆನ್ನಾಗಿ ಗೊತ್ತಿರುವುದೇ ಸಂಶಯಾಸ್ಪದ ಎಂದು ಬರೆಯಬಹುದು.

ಮಾರ್ಚ್ ೧೦, ಸೋಮವಾರ

ಕ್ರಮವಾಗಿ ಬರೆಯುತ್ತೇನೆ. ಇಲ್ಲದಿದ್ದರೆ ತಲೆಯಲ್ಲೇ ಸುತ್ತುತ್ತಿರುತ್ತದೆ.

ಧ್ವನಿಮುದ್ರಣ ಶುರುಮಾಡಿ, ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿಸಿದೆ. ಅವನು ಒಂದೇ ಉಸಿರಿಗೆ ಬಹಳ ಹೊತ್ತು ಮಾತಾಡಿದ. ಜೇನುತುಪ್ಪ ಕೇಳುತ್ತಾ ಕೇಳುತ್ತಾ ಪೆನ್ನು ಕೆಳಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, “ಮೇಡಂ, ಇದನ್ನ ಹೇಳ್ಲೇಬೇಕಾ?” ಎಂದರು.

“ಹೇಳೋದೇ ನಿಮ್ಮ ಕೆಲಸ ಅಲ್ವಾ?”

“ಅರ್ಜಿದಾರರು ಹೇಳ್ತಿರೋದು ಏನಂದ್ರೆ... ತಮ್ಮ ಹಿಂದಿನ ಹೇಳಿಕೆಯಲ್ಲಿ ಒಂದೆರಡು ಸಣ್ಣ ವಿವರ ಬಿಟ್ಟುಹೋಗಿದೆ...”

ಕ್ಷೌರಿಕ ಕೈ ಅಡ್ಡ ಹಿಡಿದ. ಇಲ್ಲಿಗೆ ಬಂದ ಈ ಎರಡು ವರ್ಷದಲ್ಲಿ ನಮ್ಮ ಭಾಷೆ ಅಲ್ಪಸ್ವಲ್ಪ ಕಲಿತಿದ್ದಾನೆ. “ಸಣ್ಣ ಅಲ್ಲ,” ಎಂದ. “ಸುಳ್ಳು. ಸುಳ್ಳು ಅಂತ ಹೇಳಿ.”

ಜೇನುತುಪ್ಪ ಆಮೇಲೆ ಒಂದು ಚಮಚೆ ಸಕ್ಕರೆಯನ್ನೂ ಬೆರೆಸದೆ ಹೇಳಿದರು. ಕೋರ್ಟಿನ ಮಾತು ನಿಜ, ಗುನುಗಿದ್ದು ನಿಜ, ಕುರ್ಚಿಗಳೂ ನಿಜ. ವ್ಯಾನು ಸುಳ್ಳು. ಹೊಡೆದದ್ದು ಮೂರು ದಿನ. ಮೂರನೆಯ ದಿನ ಒಂದು ಕಾಗದ ಮುಂದಿಟ್ಟರು: ‘ನಾನು ಕ್ರೈಸ್ತನಲ್ಲ, ಯೇಸು ಯಾರೋ ನನಗೆ ತಿಳಿಯದು.’ ಅವನು ಸಹಿ ಹಾಕಿದ. ಸಂಜೆಗೆ ಶಿಕ್ಷೆ ಮನ್ನಾ ಮಾಡಿ ಬಿಟ್ಟರು. ಪಕ್ಕದ ಕೋಣೆಯಲ್ಲಿದ್ದ ಅವನ ಹೆಂಡತಿಯ ತಮ್ಮ ಸಹಿ ಹಾಕಲಿಲ್ಲ. ಇನ್ನೂ ಒಳಗಿದ್ದಾನೆ. ಎಷ್ಟು ಹೊಡೆದರೂ ಬಾಯಿ ಬಿಡದವನು ಅವನು. ವ್ಯಾನಿನ ಕಥೆ ಗಡಿ ದಾಟಿಸಿದ ದಲ್ಲಾಳಿ ಹೇಳಿಕೊಟ್ಟದ್ದು.

“ಬಿಟ್ಟ ಮೇಲೆ ಅಲ್ಲೇ ಇರಬಹುದಿತ್ತಲ್ಲ?” ಎಂದೆ.

“ಇದ್ದೆ. ನನ್ನ ಹೆಂಡತಿ ಊಟ ಬಡಿಸೋಳು, ಮುಖ ನೋಡ್ತಿರ್ಲಿಲ್ಲ. ಒಂದು ತಿಂಗಳಾದ ಮೇಲೆ ಬೇರೆಯವರ ಮನೆಯಲ್ಲಿ ನಡೀತಿದ್ದ ಪ್ರಾರ್ಥನೆಗೆ ಹೋದೆ. ಮತ್ತೆ ಹೋದೆ. ಪೊಲೀಸರು ಅಂಗಡಿಗೆ ಬಂದಿದ್ರು ಅಂತ ಗೊತ್ತಾಯ್ತು. ಓಡಿಬಂದೆ.”

“ಪೊಲೀಸರು ಎರಡನೇ ಸಲ ಬಂದಿದ್ದಕ್ಕೆ ಪುರಾವೆ?”

“ಇಲ್ಲ.”

“ಇದನ್ನೆಲ್ಲ ಹೇಳಿದ್ರೆ ಅರ್ಜಿ ಬಿದ್ದುಹೋಗುತ್ತೆ ಅಂತ ನಿಮಗೆ ಗೊತ್ತಾ?”

“ಗೊತ್ತು. ವಕೀಲರು ಬೇಡವೇ ಬೇಡ ಅಂದ್ರು.”

“ಮತ್ತೆ?”

“ಸಭೆಯಲ್ಲಿ ಚಪ್ಪಾಳೆ ತಟ್ತಾರೆ ಮೇಡಂ. ಪ್ರತಿ ವಾರ. ಅದು ನನ್ನ ಹೆಂಡತಿ ತಮ್ಮನಿಗೆ ಸೇರಬೇಕಾದ್ದು. ಅವನು ಅಲ್ಲಿ ಕತ್ತಲಲ್ಲಿ ಕೂತಿದ್ದಾನೆ, ನಾನು ಇಲ್ಲಿ ಅವನ ಕಥೆ ಹಾಕ್ಕೊಂಡು ಓಡಾಡ್ತಿದ್ದೀನಿ.”

ನಾನು ಬಿಡಲಿಲ್ಲ. “ನಾಳೆ ನಿಮ್ಮನ್ನ ವಾಪಸು ಕಳಿಸಿದ್ರು ಅಂದ್ಕೊಳ್ಳಿ. ಮತ್ತೆ ಹಿಡಿದು ಅದೇ ಕಾಗದ ಮುಂದಿಟ್ರೆ?”

ಅವನು ಯೋಚಿಸಿದ. ನಿಜವಾಗಿ ಯೋಚಿಸಿದ. ಇಷ್ಟು ವರ್ಷದಲ್ಲಿ ಈ ಪ್ರಶ್ನೆಗೆ ಎಲ್ಲರೂ ಎದೆ ಮುಟ್ಟಿಕೊಂಡು ಕೊಟ್ಟ ಉತ್ತರ ಒಂದೇ: ಪ್ರಾಣ ಹೋದರೂ ಇಲ್ಲ.

“ಮತ್ತೆ ಸಹಿ ಹಾಕ್ತೀನೇನೋ,” ಎಂದ. “ನನಗೆ ಪೆಟ್ಟು ಅಂದ್ರೆ ಭಯ. ಆದ್ರೆ ಹೊರಗೆ ಬಿಟ್ಟ ಮೇಲೆ ಮತ್ತೆ ಪ್ರಾರ್ಥನೆಗೆ ಹೋಗ್ತೀನಿ. ಅಲ್ಲಿಗೆ ಹೋಗದೆ ಇರೋಕೆ ಆಗಲ್ಲ.”

“ಹೋದ ಸಲ ಭಯ ಕಮ್ಮಿಯಾಯ್ತು ಅಂದಿದ್ರಿ.”

“ಕಮ್ಮಿ ಅಂದೆ ಮೇಡಂ. ಹೋಯ್ತು ಅನ್ಲಿಲ್ಲ.”

“ಇದೆಂಥ ನಂಬಿಕೆ ರೀ?”

“ನನ್ನ ಹತ್ರ ಇರೋದು ಇಷ್ಟೇ.”

ಮುಗಿಯುವಾಗ ಊಟದ ಹೊತ್ತು ಮೀರಿತ್ತು. ಕ್ಯಾಂಟೀನಿನಿಂದ ಮೂವರಿಗೂ ಊಟ ತರಿಸಿದೆ. ನನಗೆ ಹಸಿವಾಗಿತ್ತು, ಒಬ್ಬಳೇ ತಿಂದರೆ ಚೆನ್ನಾಗಿರುವುದಿಲ್ಲ, ಅಷ್ಟೇ. ಮೂವರೂ ಅದೇ ಮೇಜಿನಲ್ಲಿ ತಿಂದೆವು. ಜೇನುತುಪ್ಪ ಎರಡು ಸಲ ಕಣ್ಣು ಒರೆಸಿಕೊಂಡರು. ಖಾರ ಜಾಸ್ತಿಯಾಗಿತ್ತಂತೆ.

ಮಾರ್ಚ್ ೧೧, ಮಂಗಳವಾರ

ನಿನ್ನೆಯದರಿಂದ ನನ್ನ ಕೆಲಸ ಹಗುರವಾಯಿತು ಎಂದೇ ಹೇಳಬೇಕು. ಸುಳ್ಳು ಹೇಳಿದೆನೆಂದು ಅವನೇ ಒಪ್ಪಿದ್ದಾನೆ. ಅವನದೇ ಸಹಿಯಿದೆ, ಕ್ರೈಸ್ತನಲ್ಲವೆಂದು. ಇನ್ನು ಜಗತ್ತಿನಲ್ಲಿ ಬೇರೆ ಪುರಾವೆ ಯಾಕೆ ಬೇಕು.

ಹಾಗೆ ನೋಡಿದರೆ ಯೇಸುವಿನ ಪಟ್ಟಶಿಷ್ಯ ಪೇತ್ರ ನನ್ನೆದುರು ಕೂತಿದ್ದರೂ ವಜಾ ಮಾಡಬೇಕಾಗುತ್ತಿತ್ತು. ‘ಅರ್ಜಿದಾರರು ಯೇಸುವನ್ನು ತಾವು ಅರಿಯೆವೆಂದು, ಯಾರ ಹೊಡೆತವೂ ಇಲ್ಲದೆ, ಒಬ್ಬ ಕೆಲಸದ ಹುಡುಗಿ ಕೇಳಿದ ಮಾತ್ರಕ್ಕೆ, ಒಂದೇ ರಾತ್ರಿಯಲ್ಲಿ ಮೂರು ಬಾರಿ ಹೇಳಿಕೆ ನೀಡಿರುತ್ತಾರೆ.’ ಅಪ್ಪ ಬದುಕಿದ್ದರೆ ಇದನ್ನು ಓದಿ ನಗುತ್ತಿದ್ದರೋ ಬೈಯುತ್ತಿದ್ದರೋ.

ಆದೇಶ ಮುಗಿಸಲಾಗಲಿಲ್ಲ. ವಾಕ್ಯ ಕೂರುತ್ತಿಲ್ಲ. ಕೀಬೋರ್ಡಿನ ಒಂದು ಗುಂಡಿ ಅಂಟಿಕೊಳ್ಳುತ್ತಿದೆ.

ಮಾರ್ಚ್ ೧೪, ಶುಕ್ರವಾರ

ಗುಂಡಿ ಸರಿಮಾಡಿಸಿದೆ. ವಾಕ್ಯ ಈಗಲೂ ಕೂರುತ್ತಿಲ್ಲ.

ಮಾರ್ಚ್ ೧೭, ಸೋಮವಾರ

ಅರ್ಜಿ ಮಂಜೂರು ಮಾಡಿ ಬರೆದೆ. ಇದು ಬರೀ ತರ್ಕ, ಬೇರೇನಲ್ಲ. ಗೆಲ್ಲಲಿಕ್ಕೆ ಸುಳ್ಳು ಹೇಳುವವರನ್ನು ದಿನಾ ನೋಡುತ್ತೇನೆ. ಗೆಲ್ಲಿಸಬಹುದಾಗಿದ್ದ ಸುಳ್ಳನ್ನು ತಾನಾಗಿ ಕೈಬಿಟ್ಟು ಸೋಲುವ ನಿಜ ಹೇಳಿದವನು ಈತನೊಬ್ಬನೇ. ಅಂಥವನ ಉಳಿದ ಮಾತನ್ನು ನಂಬದಿರಲು ಕಾರಣ ಬೇಕು. ನನಗೆ ಸಿಗಲಿಲ್ಲ.

ಗಡಿಯಾರ ಕೋಣೆಗೆ ಕರೆದ. “ಏನು ಮೇಡಂ ಇದು? ಸುಳ್ಳುಗಾರ ಅಂತ ಅವನೇ ಹೇಳಿದ್ದಾನೆ.”

“ಹೇಳಿದ್ದಾರೆ. ಅದಕ್ಕೇ ನಂಬಿದೆ.”

“ಇದು ವೇದಾಂತ. ನಿಯಮದಲ್ಲಿ ಎಲ್ಲಿದೆ?”

“ನಿಯಮದಲ್ಲಿ ಶಿಷ್ಯರ ಹೆಸರು ಕೇಳು ಅಂತಲೂ ಇಲ್ಲ. ನಾವು ಕೇಳ್ತಿದ್ದೀವಿ.”

“ನೀವೇ ಇನ್ನೊಂದ್ಸಲ ಯೋಚನೆ ಮಾಡಿ. ಸಾಕ್ಷಿ ಸಾಲದು ಅಂತ ಒಂದು ಸಾಲು ಸೇರ್ಸಿದ್ರೆ ಮುಗೀತು. ಚಾರ್ಟಲ್ಲಿ ನಿಮ್ದೇ ಹಿಂದೆ ಬಿದ್ದಿದೆ.”

ಯೋಚನೆ ಮಾಡಿ ಅದೇ ಆದೇಶಕ್ಕೆ ಇನ್ನೊಮ್ಮೆ ಸಹಿ ಹಾಕಿ ಕಳಿಸಿದೆ.

ಮಾರ್ಚ್ ೨೧, ಶುಕ್ರವಾರ

ಕಡತವನ್ನು ನನ್ನಿಂದ ಕಿತ್ತುಕೊಂಡು ಗಡಿಯಾರ ತಾನೇ ಆದೇಶ ಬರೆದಿದ್ದಾನೆ. ವಜಾ. ಬರೆಯಲು ಹಿಡಿದದ್ದು ಅರ್ಧ ದಿನವಂತೆ. ಆ ದೇಶದ ನ್ಯಾಯಾಧೀಶನಿಗೆ ಇಲ್ಲೊಬ್ಬ ಅಣ್ಣನಿದ್ದಾನೆ ಎಂದು ಯಾರಾದರೂ ತಿಳಿಸಬೇಕು.

ಏಪ್ರಿಲ್ ೮, ಮಂಗಳವಾರ

ಕ್ಷೌರಿಕನ ವಕೀಲೆ ಕಚೇರಿಯ ಹೊರಗೆ ಬಸ್ ನಿಲ್ದಾಣದಲ್ಲಿ ಹಿಡಿದುಕೊಂಡಳು. ಚಿಕ್ಕ ವಯಸ್ಸು. ಸರ್ಕಾರ ಕೊಡುವ ಪುಕ್ಕಟೆ ವಕೀಲಿಕೆ, ಕೋಟಿನ ತೋಳು ಉದ್ದ. ಮೇಲ್ಮನವಿ ಹಾಕಿದ್ದಾಳೆ. ಪಾಸ್ಟರ್ ಸಾಕ್ಷಿಗೆ ಬರುವುದಿಲ್ಲ ಎಂದುಬಿಟ್ಟರಂತೆ.

“ಯಾಕಂತೆ?”

“ಸಭೆಗೆ ಅವಮಾನ ಮಾಡಿದ ಅಂತ. ಹೋದ ಭಾನುವಾರ ಇವರು ಮೈಕು ಇಸ್ಕೊಂಡು, ನಾನು ಸಹಿ ಹಾಕಿದೋನು ಅಂತ ಎಲ್ಲರ ಮುಂದೆ ಹೇಳಿದ್ರಂತೆ. ಅರ್ಧಕ್ಕೇ ಮೈಕು ಆಫ್ ಮಾಡಿದ್ರು.”

ಮೂವತ್ತು ಭಾನುವಾರ ಚಪ್ಪಾಳೆ ತಟ್ಟಿದ ಜನ. ಒಂದು ನಿಜ ಅರಗಿಸಿಕೊಳ್ಳಲಾಗಲಿಲ್ಲ. ಚಿನ್ನದ ಅಂಚಿನ ಕಾಗದ ಕೊಡುವ ಮುಂಚೆ ಹೃದಯ ನೋಡುತ್ತಾರಂತೆ.

“ಅವರ ಪರವಾಗಿ ಯಾರೂ ಇಲ್ಲ ಮೇಡಂ,” ಎಂದಳು ವಕೀಲೆ. “ನೀವು ಬರೆದ ಮೊದಲಿನ ಆದೇಶ ಕಡತದಲ್ಲಿದೆ. ನೀವೇ ಬಂದು ಹೇಳಿದ್ರೆ...”

“ಇಲಾಖೆಯವಳು ಇಲಾಖೆ ವಿರುದ್ಧ ಸಾಕ್ಷಿ ಹೇಳೋದಾ? ತಲೆ ನೆಟ್ಟಗಿದೆಯಾ ನಿಮಗೆ?”

ಬಸ್ ಬಂತು. ಹತ್ತಿದೆ. ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ನಡೆದು ಬಂದೆ. ಆ ಹುಡುಗಿ ಅಲ್ಲೇ ನಿಂತಿದ್ದಳು. ಬೇರೆ ಬಸ್ಸಿಗೆ ಕಾಯುತ್ತಿದ್ದಳು ಅನ್ನಿಸುತ್ತದೆ.

ಏಪ್ರಿಲ್ ೧೦, ಗುರುವಾರ

ಅಮ್ಮನಿಗೆ ಜ್ವರ. ನನ್ನನ್ನು ಗುರುತು ಹಿಡಿಯಲಿಲ್ಲ. ಮನೆಗೆ ಬಂದ ಯಾರೋ ಹೆಂಗಸು ಎಂದುಕೊಂಡು ತಮ್ಮ ಹೊದಿಕೆಯ ಅರ್ಧ ನನ್ನ ಕಡೆ ಸರಿಸಿ, “ಚಳಿ ಇದೆಯಮ್ಮ, ಹೊದ್ಕೋ” ಎಂದರು.

ಹೊದ್ದುಕೊಂಡೆ.

ಮೇ ೧೯, ಸೋಮವಾರ

ಸಾಕ್ಷಿಗಳ ಪಟ್ಟಿಯಲ್ಲಿ ನನ್ನ ಹೆಸರು ನೋಡಿ ಗಡಿಯಾರ ಬಾಗಿಲು ಮುಚ್ಚಿ ಮಾತಾಡಿದ. ಮೊದಲು ನಿವೃತ್ತಿಯ ಹೊತ್ತಲ್ಲಿ ಯಾಕೆ ಬೇಕು ಎಂದ, ಆಮೇಲೆ ಅಮ್ಮನ ಆರೋಗ್ಯ ಹೇಗಿದೆ ಎಂದ, ಕೊನೆಗೆ ಟಪಾಲು ವಿಭಾಗದಲ್ಲಿ ಒಂದು ಜಾಗ ಖಾಲಿ ಇದೆ ಎಂದ. ಬೆದರಿಕೆಯನ್ನೂ ನೆಟ್ಟಗೆ ಹಾಕಲು ಬರದವನು ಹೇಗೆ ಮುಖ್ಯಸ್ಥನಾದನೋ.

ಅಮ್ಮ ಚೇತರಿಸಿಕೊಂಡಿದ್ದಾರೆ. ನಡುವೆ ಬರೆಯಲು ಪುರುಸೊತ್ತಿರಲಿಲ್ಲ.

ಜೂನ್ ೧೧, ಬುಧವಾರ

ಇಷ್ಟು ವರ್ಷ ಜನರನ್ನು ಕೂರಿಸಿ ಪ್ರಶ್ನೆ ಕೇಳಿದವಳು ಇವತ್ತು ಕಟಕಟೆಯಲ್ಲಿ ನಿಂತೆ. ಅಲ್ಲಿಂದ ಎಲ್ಲರೂ ದೊಡ್ಡವರಾಗಿ ಕಾಣುತ್ತಾರೆ. ಬಾಯಿ ಒಣಗುತ್ತದೆ. ನೀರು ಕೇಳಿದರೆ ಅಪರಾಧಿಯಂತೆ ಕಂಡೇನು ಎಂದು ಕೇಳಲಿಲ್ಲ. ನಮ್ಮ ವಿಚಾರಣಾ ಕೋಣೆಯಲ್ಲಿ ನೀರಿನ ಹೂಜಿ ನನ್ನ ಕಡೆಗೇ ಇರುತ್ತಿತ್ತು.

ಒಳಗೆ ಹೋಗುವ ಮುಂಚೆ ವಕೀಲೆ ಹೇಳಿದ್ದಳು, “ನೀವು ಕ್ರೈಸ್ತರಾ ಅಂತ ಕೇಳೇ ಕೇಳ್ತಾರೆ. ಹುಟ್ಟಿದ್ದು ಆ ಮನೇಲಿ, ಈಗ ನಂಬಿಕೆ ಇಲ್ಲ ಅಂತ ಹೇಳಿಬಿಡಿ. ನಿಜಾನೇ ಅಲ್ವಾ? ಆಗ ನಿಮ್ಮ ಮಾತಿಗೆ ತೂಕ ಬರುತ್ತೆ. ಒಂದೇ ಮತದವರು ಅಂತಾದ್ರೆ ಪಕ್ಷಪಾತ ಅಂತ ತಳ್ಳಿಹಾಕ್ತಾರೆ.” ನಿಜವೇ. ಅದನ್ನು ಹೇಳಲು ನನಗೆ ಯಾವ ಕಷ್ಟವೂ ಇರಲಿಲ್ಲ. ಮನಸ್ಸಿನಲ್ಲೇ ಎರಡು ಸಲ ಹೇಳಿಯೂ ನೋಡಿಕೊಂಡಿದ್ದೆ.

ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟೆ. ಮೊದಲು ಯಾಕೆ ಸಂಶಯಪಟ್ಟೆ, ಆಮೇಲೆ ಯಾಕೆ ನಂಬಿದೆ ಎಂದು ಹೇಳಿದೆ. ಸರ್ಕಾರಿ ವಕೀಲರು ಕೊನೆಗೆ ಕನ್ನಡಕ ತೆಗೆದು ಒರೆಸುತ್ತಾ, ಹವಾಮಾನ ವಿಚಾರಿಸುವ ದನಿಯಲ್ಲಿ ಕೇಳಿದರು.

“ನೀವು ಸ್ವತಃ ಕ್ರೈಸ್ತರಾ ಮೇಡಂ?”

ಕ್ಷೌರಿಕರು ಎದುರಿಗಿದ್ದರು. ನನ್ನ ಕೂದಲನ್ನು ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದರು. ಪಕ್ಕದಲ್ಲಿ ಜೇನುತುಪ್ಪ ಪ್ರಶ್ನೆಯನ್ನು ಅವರ ಕಿವಿಯಲ್ಲಿ ಹೇಳುತ್ತಿದ್ದರು.

“ಹೌದು” ಎಂದೆ.

ವಕೀಲೆ ಪೆನ್ನಿನ ಮುಚ್ಚಳ ಹಾಕಿದಳು. ಸರ್ಕಾರಿ ವಕೀಲರು ಕನ್ನಡಕ ಹಾಕಿಕೊಂಡು, “ಥ್ಯಾಂಕ್ಸ್, ನನ್ನದು ಇಷ್ಟೇ” ಎಂದು ಕೂತರು.

ಯಾಕೆ ಹಾಗೆಂದೆ ಎಂದು ಗೊತ್ತಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ನನ್ನನ್ನೇ ಬೈದುಕೊಂಡೆ. ಪ್ರಮಾಣ ಮಾಡಿ ಸುಳ್ಳು ಹೇಳಿದೆನೋ, ಅಥವಾ ಇನ್ನೇನೋ. ಆ ಮನುಷ್ಯರ ಕೇಸು ನನ್ನಿಂದಲೇ ಹಾಳಾದರೆ ಯಾವ ಮುಖ ಹೊತ್ತು ಓಡಾಡಲಿ. ‘ಇಲ್ಲ’ ಎನ್ನುವ ಪದವನ್ನು ನಾನು ಈ ಊರಲ್ಲೇ ಎಲ್ಲರಿಗಿಂತ ಹೆಚ್ಚು ಬಳಸಿದವಳು. ಬೇಕಾದ ಹೊತ್ತಿಗೆ ಬಾಯಿಗೆ ಬರಲಿಲ್ಲ.

ಜೂನ್ ೧೬, ಸೋಮವಾರ

ಟಪಾಲು ವಿಭಾಗಕ್ಕೆ ವರ್ಗವಾಯಿತು. ಬಂದ ಲಕೋಟೆಗೆ ಮೊಹರು, ಹೋಗುವ ಲಕೋಟೆಗೆ ಮೊಹರು. ಯಾರ ಹೃದಯವನ್ನೂ ನೋಡಬೇಕಾಗಿಲ್ಲ. ಗಡಿಯಾರ ನನಗೆ ಶಿಕ್ಷೆ ಕೊಟ್ಟೆನೆಂದು ತಿಳಿದಿದ್ದಾನೆ, ಪಾಪ.

ಜುಲೈ ೪, ಶುಕ್ರವಾರ

ತೀರ್ಪು ಬಂತು. ಅವರು ಇಲ್ಲೇ ಉಳಿಯಬಹುದು.

ಗೆದ್ದದ್ದು ಹೇಗೆ ಎಂದು ಓದಿ ಬಹಳ ಹೊತ್ತು ನಕ್ಕೆ. ಗಡಿಯಾರ ಅರ್ಧ ದಿನದಲ್ಲಿ ಬರೆದ ಆದೇಶ ಬೇರೆ ಯಾರದೋ ಕಡತದಿಂದ ಎತ್ತಿದ್ದು. ಮೂರನೆಯ ಪುಟದಿಂದ ಕ್ಷೌರಿಕರು ‘ಅರ್ಜಿದಾರಳು’ ಆಗಿದ್ದಾರೆ, ನಾಲ್ಕನೆಯ ಪುಟದಲ್ಲಿ ಅವಳು ದಾದಿ. ನ್ಯಾಯಾಧೀಶರು ಅದನ್ನು ಕಸಕ್ಕೆ ಹಾಕಿ, ಎಲ್ಲವನ್ನೂ ತಾವೇ ಮೊದಲಿಂದ ನೋಡಿದ್ದಾರೆ. ಆ ದೇಶದಲ್ಲಿ ಸಹಿ ಹಾಕಿ ಬಿಡುಗಡೆಯಾದವರು ಮತ್ತೆ ಪ್ರಾರ್ಥನೆಗೆ ಹೋದರೆ ದುಪ್ಪಟ್ಟು ಶಿಕ್ಷೆಯಿದೆಯಂತೆ. ನಮ್ಮ ಇಲಾಖೆಯ ವರದಿಯಲ್ಲೇ ಇತ್ತು, ಯಾರೂ ಓದಿರಲಿಲ್ಲ. ನಾನೂ ಓದಿರಲಿಲ್ಲ. ‘ಮತ್ತೆ ಹೋಗುತ್ತೇನೆ ಎಂಬ ಈತನ ಮಾತನ್ನು ನಂಬುತ್ತೇನೆ, ಯಾಕೆಂದರೆ ಅದರ ಜೊತೆಗೆ ಈತ ಹೇಳಿದ ಇನ್ನೊಂದು ಮಾತು ತನಗೆ ತಾನೇ ಕೇಡು ಮಾಡಿಕೊಳ್ಳುವಂಥದ್ದು’ ಎಂದು ಬರೆದಿದ್ದಾರೆ. ಪರವಾಗಿಲ್ಲ, ಬರೆಯಲು ಬರುತ್ತದೆ ಅವರಿಗೆ.

ಜೇನುತುಪ್ಪ ಫೋನು ಮಾಡಿ ಉಳಿದ ಸುದ್ದಿ ಹೇಳಿದರು. ರೈಲು ನಿಲ್ದಾಣದ ಹತ್ತಿರದ ಕ್ಷೌರದಂಗಡಿಯಲ್ಲಿ ಕ್ಷೌರಿಕರಿಗೆ ಕೆಲಸ ಸಿಕ್ಕಿದೆ. ಹೆಂಡತಿಯ ತಮ್ಮ ಇನ್ನೂ ಒಳಗೇ. ಹೆಂಡತಿ ಫೋನಿನಲ್ಲಿ ಮಾತಾಡಿದಳಂತೆ, ಜಾಸ್ತಿಯಿಲ್ಲ, ಆದರೆ ಇವರು ಊಟ ಮಾಡಿದರಾ ಎಂದು ಕೇಳಿದಳಂತೆ. ಪಾಸ್ಟರ್ ಮತ್ತೆ ಕರೆದಿದ್ದರಂತೆ, ಗೆದ್ದವರನ್ನು ಯಾರು ಕರೆಯುವುದಿಲ್ಲ. ಹೋದರಂತೆ, ಹಿಂದಿನ ಸಾಲಿನಲ್ಲಿ ಕೂತರಂತೆ, ವೇದಿಕೆಗೆ ಎಷ್ಟು ಕರೆದರೂ ಏಳಲಿಲ್ಲವಂತೆ.

ತೀರ್ಪಿನಲ್ಲಿ ನನ್ನ ಬಗ್ಗೆ ಇರುವುದು ಒಂದೇ ಸಾಲು. ‘ಈ ಸಾಕ್ಷಿದಾರರು ಸ್ವತಃ ಕ್ರೈಸ್ತ ವಿಶ್ವಾಸಿಯೆಂಬುದು ಸ್ಥಿರಪಟ್ಟಿರುವುದರಿಂದ ಇವರ ಹೇಳಿಕೆಯನ್ನು ಪರಿಗಣಿಸಿರುವುದಿಲ್ಲ.’

ಸ್ಥಿರಪಟ್ಟಿದೆಯಂತೆ. ಶಿಷ್ಯರ ಹೆಸರು ಕೇಳಲಿಲ್ಲ, ಪ್ರಮಾಣಪತ್ರ ಕೇಳಲಿಲ್ಲ, ಪಾಸ್ಟರನ್ನು ಕರೆಸಲಿಲ್ಲ. ಬಾಯಿ ತಪ್ಪಿ ಆಡಿದ ಒಂದು ಮಾತಿನ ಮೇಲೆ ಬರೆದು ಮೊಹರು ಒತ್ತಿದ್ದಾರೆ. ಇಷ್ಟು ಸಡಿಲವಾದ ವಿಚಾರಣೆಯನ್ನು ನನ್ನ ಸೇವಾವಧಿಯಲ್ಲಿ ನಾನೊಮ್ಮೆಯೂ ನಡೆಸಿಲ್ಲ. ಮೂವತ್ತು ದಿನದೊಳಗೆ ಆಕ್ಷೇಪಣೆ ಸಲ್ಲಿಸಲು ಅವಕಾಶವಿದೆ.

ಸಲ್ಲಿಸುವುದಿಲ್ಲ.